ಗೋಣಿಪರದೆಯೊಳಗಿನ ದಾರ

ನಮ್ಮ ಸ್ಟುಡಿಯೊದ ಗೋಡೆಯಲ್ಲಿ, ಮದುವೆ ಜೋಡಿಗಳ ನಡುವೆ, ಒಂದು ಕಪ್ಪು-ಬಿಳುಪಿನ ಚಿತ್ರ ತೂಗುತ್ತಿದೆ. ಅದು ಹೇಗೆ ಬಂತು ಎಂಬುದಕ್ಕೆ ಎರಡು ಕಥೆಗಳು ಚಾಲ್ತಿಯಲ್ಲಿವೆ. ಚಾಮರಾಜನಗರದ ಕಥೆಯನ್ನು ಹೇಳುವವರು ಸ್ಟುಡಿಯೊದ ಯಜಮಾನರು. ಗಿರಾಕಿ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುವಷ್ಟರಲ್ಲಿ ಅವರು ಶುರುಮಾಡಿರುತ್ತಾರೆ: ಗುಂಡ್ಲುಪೇಟೆಯಿಂದ ಒಂದು ಗಲ್ಫ್ ಲೆನ್ಸ್ ತರಿಸಿದೆವು, ಅದಕ್ಕೆ ಬೆಕ್ಕಿನ ಕಣ್ಣು, ಕತ್ತಲಿಗೆ ಹಿಡಿದರೆ ಕತ್ತಲೇ ಬೆಳಕಾಗುತ್ತದೆ. ಉಮ್ಮತ್ತೂರಿನ ಕಥೆ ಬೇರೆ. ಪೇಟೆ ಹುಡುಗಿಯೊಬ್ಬಳು ರೇಷ್ಮೆ ಸಾಕುವ ಹುಳುಮನೆಗೆ ಬಂದು ಫ್ಲಾಶ್ ಹೊಡೆದಳು, ಮಿಂಚು ಕಂಡ ಹುಳುಗಳು ಬೆದರಿ ಗೂಡು ಕೆಡಿಸಿಕೊಂಡವು, ಆಮೇಲೆ ಬುದ್ಧಿ ಬಂದು ಮಿಂಚಿಲ್ಲದೆ ತೆಗೆದಳು.

ಆ ಪೇಟೆ ಹುಡುಗಿ ನಾನು. ಎರಡು ಕಥೆಯನ್ನೂ ನಾನು ಒಪ್ಪುವುದಿಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದಾಗ ನಮ್ಮ ಮೇಷ್ಟ್ರು ಒಂದು ಮಾತು ಹೇಳಿಕೊಟ್ಟಿದ್ದರು: ಎದುರಾಳಿಯ ವಾದ ಪೂರ್ತಿ ಸುಳ್ಳಾಗಿದ್ದರೆ ಹೆದರಬೇಡ, ಅರ್ಧ ನಿಜವಾಗಿದ್ದರೆ ಹೆದರು. ಈ ಎರಡೂ ಅರ್ಧ ನಿಜಗಳು. ಫ್ಲಾಶ್ ಹೊಡೆದದ್ದು ಹೌದು, ಗೂಡು ಕೆಟ್ಟದ್ದೂ ಹೌದು. ಒಂದರಿಂದ ಇನ್ನೊಂದು ಆಯಿತು ಎಂಬುದಕ್ಕೆ ಸಾಕ್ಷಿ ಎಲ್ಲಿ? ಲೆನ್ಸ್ ಬಂದದ್ದೂ ಹೌದು, ಚಿತ್ರ ಬಂದದ್ದೂ ಹೌದು. ಅಲ್ಲೂ ಅದೇ ಪ್ರಶ್ನೆ.

ಆಗಿನ್ನೂ ನಮ್ಮದು ಜಿಲ್ಲೆಯಾಗಿರಲಿಲ್ಲ, ಮೈಸೂರಿಗೇ ಸೇರಿತ್ತು. ರೇಷ್ಮೆ ಸಾಕಣೆ ಕಲಿಸುವ ತರಬೇತಿ ಕೇಂದ್ರವೊಂದು ತನ್ನ ಗೋಡೆಗಳಿಗೆ ಹನ್ನೆರಡು ಚಿತ್ರ ಬೇಕೆಂದು ನಮ್ಮ ಸ್ಟುಡಿಯೊಗೆ ಹೇಳಿತ್ತು: ಮೊಟ್ಟೆಯಿಂದ ಹಿಡಿದು ಗೂಡಿನವರೆಗೆ. ಹನ್ನೊಂದನ್ನು ಚಂದಕವಾಡಿಯ ಕಡೆಯ ಎರಡು ಮೂರು ಮನೆಗಳಲ್ಲಿ ತೆಗೆದು ಮುಗಿಸಿದ್ದೆ. ಉಳಿದದ್ದು ಹನ್ನೆರಡನೆಯದು. ಹುಳು ಬಾಯಿಂದ ದಾರ ಎಳೆಯುತ್ತಿರುವುದು, ದಾರ ಕಾಣುವಂತೆ.

ಅದಕ್ಕೆ ಒಪ್ಪುವ ಮನೆ ಸಿಗಲಿಲ್ಲ. ಹುಳು ಗೂಡು ಕಟ್ಟುವ ಮೂರು ದಿನ ಹೊರಗಿನವರನ್ನು ಯಾರು ತಾನೇ ಬಿಟ್ಟುಕೊಂಡಾರು? ಒಪ್ಪಿದವರು ಉಮ್ಮತ್ತೂರಿನ ಒಬ್ಬ ದೊಡ್ಡವ್ವ ಮಾತ್ರ. ಊರಿನಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಹುಳು ಸಾಕಿದವರು. ಈಗ ಸೊಸೆ ಸಾಕುತ್ತಾಳೆ, ಇವರು ಪಕ್ಕದಲ್ಲಿ ಕೂತು ಕೈಯಲ್ಲೇ ನೋಡುತ್ತಾರೆ. ಕೈಯಲ್ಲೇ, ಏಕೆಂದರೆ ಕಣ್ಣಿನ ನರ ಒಣಗುತ್ತ ಬಂದಿದೆ, ಇದಕ್ಕೆ ಆಪರೇಷನ್ ಇಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿ ಕಳಿಸಿದ್ದರು. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಎದುರಿಗೆ ಹಿಡಿದದ್ದು ಒಂದು ಕೊಳವೆಯಲ್ಲಿ ನೋಡಿದಂತೆ ಕಾಣುತ್ತಿತ್ತು. ನೆರಳಿಗೆ ಬಂದರೆ ಏನೂ ಇಲ್ಲ. ಕೊಳವೆ ತಿಂಗಳು ತಿಂಗಳಿಗೆ ಸಣ್ಣದಾಗುತ್ತಿತ್ತು.

ಹುಳುವಿಗೆ ಕತ್ತಲು ಬೇಕು, ದೊಡ್ಡವ್ವನ ಕಣ್ಣಿಗೆ ಬಿಸಿಲು ಬೇಕು. ಎರಡು ವರ್ಷದಿಂದ ಅವರು ಹುಳು ದಾರ ಎಳೆಯುವುದನ್ನು ನೋಡಿರಲಿಲ್ಲ.

"ಬಿಸುಲ್ಗೆ ಉಳ ತರಕಾಯ್ತದಾ? ಪಟ ಆದ್ರೆ ತರಬೋದು," ಎಂದರು ಜಗಲಿಯಲ್ಲಿ ಕೂತು. "ನಂಗೆ ಆ ದಾರ ಒಂದ್ಸಲ ತೋರ್ಸು ಕಣಮ್ಮಿ. ಕಣ್ಣು ಮುಚ್ಚೋಗೋಕ್ ಮುಂಚೆ. ಇನ್ನೇನೂ ಬ್ಯಾಡ."

ಒಪ್ಪಿಗೆಯ ಜೊತೆಗೆ ಎರಡು ಕಟ್ಟುಪಾಡುಗಳಿದ್ದವು. ಹುಳು ಚಂದ್ರಿಕೆಗೆ ಏರಿದ ಮೇಲೆ (ಚಂದ್ರಿಕೆ ಎಂದರೆ ಬಿದಿರಿನ ಚಾಪೆಗೆ ಸುರುಳಿ ಸುರುಳಿಯಾಗಿ ದಬ್ಬೆ ಕಟ್ಟಿದ ದೊಡ್ಡ ತಟ್ಟೆ, ಹುಳು ಗೂಡು ಕಟ್ಟುವುದು ಅದರ ಸುರುಳಿಗಳ ಸಂದಿನಲ್ಲಿ) ಹುಳುಮನೆಯಲ್ಲಿ ಯಾರೂ ಮಾತಾಡಬಾರದು. ಎರಡನೆಯದು, ಮಿಂಚು ಹೊಡೆಯಬಾರದು. ಮಿಂಚು ಕಂಡ ಹುಳು ದಾರ ಕಡಿದುಕೊಳ್ಳುತ್ತದೆ.

ನಾನು ಸುಮ್ಮನಿರುತ್ತೇನೆಯೇ? ಹುಳುವಿಗೆ ಕಿವಿಯಿಲ್ಲ ಎಂದೆ. ಫ್ಲಾಶ್ ಎಂದರೆ ಒಂದು ಸೆಕೆಂಡನ್ನು ಸಾವಿರ ಚೂರು ಮಾಡಿ ಅದರಲ್ಲಿ ಒಂದು ಚೂರು ಎಂದೆ. ಮಳೆಗಾಲದಲ್ಲಿ ನಿಜವಾದ ಮಿಂಚೇ ಹೊಡೆಯುತ್ತದಲ್ಲ, ಆಗೆಲ್ಲ ಬೆಳೆ ಹೋಗಿದೆಯೇ ಎಂದೆ. ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ದೊಡ್ಡವ್ವ ಪೂರ್ತಿ ಕೇಳಿಸಿಕೊಂಡು, ಎಲೆಯಡಿಕೆ ಉಗಿದು ಬಂದು ಕೂತರು.

"ಮಾತ್ನಲ್ಲಿ ನೀನೇ ಗೆದ್ಬುಟ್ಟೆ. ಒಂದ್ ಚಂದ್ರಿಕೆಗೆ ಒಡ್ಕೊ ಓಗು. ಆದ್ರೆ ಒಳಗೆ ತುಟಿ ಬಿಚ್ಬ್ಯಾಡ."

ಬಾಗಿಲಲ್ಲಿ ಸುಣ್ಣದ ಪುಡಿ ತುಳಿದು ಒಳಗೆ ಹೋದೆ. ಹೆಂಚಿನ ಉದ್ದನೆಯ ಕೋಣೆ. ಎರಡು ದಿನದ ಹಿಂದೆ ಬಂದಿದ್ದಾಗ ಅಲ್ಲಿ ಸಾವಿರಾರು ಬಾಯಿಗಳು ಸೊಪ್ಪು ಕತ್ತರಿಸುವ ಸದ್ದಿತ್ತು, ಜೋಳದ ಹೊಲದ ಮೇಲೆ ತುಂತುರು ಬಿದ್ದ ಹಾಗೆ. ಈಗ ಮಳೆ ನಿಂತಿತ್ತು. ಗೋಡೆಗೆ ಒರಗಿದ ಚಂದ್ರಿಕೆಗಳ ಮೇಲೆ ಹಣ್ಣಾದ ಹುಳುಗಳು, ಮಾಗಿದ ದ್ರಾಕ್ಷಿಯಂತೆ ಮೈ ಪಾರದರ್ಶಕವಾಗಿ, ತಲೆಯೆತ್ತಿ ಎಡಕ್ಕೆ ಬಲಕ್ಕೆ ಆಡಿಸುತ್ತಿದ್ದವು. ಎಲ್ಲವೂ ಒಟ್ಟಿಗೆ ಯಾರಿಗೋ ಇಲ್ಲ, ಇಲ್ಲ, ಇಲ್ಲ ಎನ್ನುತ್ತಿದ್ದ ಹಾಗಿತ್ತು. ಅಷ್ಟು ಜನ ವಿರೋಧ ಪಕ್ಷದವರನ್ನು ಸದ್ದಿಲ್ಲದೆ ನಾನು ಅದುವರೆಗೆ ಕಂಡಿರಲಿಲ್ಲ.

ಕೆಲಸ ಅಲ್ಲೇ ಸಿಕ್ಕಿಕೊಂಡಿತು. ನಮ್ಮಲ್ಲಿದ್ದದ್ದು ಮದುವೆಗೆ ಬಳಸುವ ಜೂಮ್ ಲೆನ್ಸ್. ಪೂರ್ತಿ ತೆರೆದರೂ ಅದರ ಬಾಯಿ ನಾಲ್ಕಕ್ಕಿಂತ ಅಗಲವಾಗದು. ಲೆನ್ಸಿನ ಈ ಸಂಖ್ಯೆಗಳು ಉಲ್ಟಾ. ಅಂಕಿ ಸಣ್ಣದಾದಷ್ಟೂ ಬಾಯಿ ದೊಡ್ಡದು, ಒಳಗೆ ಬರುವ ಬೆಳಕು ಹೆಚ್ಚು. ಹುಳುವಿನಷ್ಟು ಹತ್ತಿರ ಹೋಗಲು ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಖಾಲಿ ಉಂಗುರಗಳನ್ನು ಸೇರಿಸಬೇಕು. ಉಂಗುರ ಸೇರಿಸಿದರೆ ಇರುವ ಬೆಳಕೂ ಕಡಿಮೆ. ಕಣ್ಣಿಟ್ಟು ನೋಡಿದರೆ ಫೋಕಸ್ ಹಿಡಿಯುವ ನಡುವಣ ವೃತ್ತ ಕಪ್ಪು ಬಟ್ಟಲಾಗಿತ್ತು. ಹುಳು ಎಲ್ಲಿದೆ ಎಂದೇ ತಿಳಿಯದು, ಇನ್ನು ದಾರದ ಮಾತೆಲ್ಲಿ?

ಕಿಟಕಿಗೆ ಒದ್ದೆ ಗೋಣಿತಾಟಿನ ಪರದೆ ಇಳಿಬಿಟ್ಟಿದ್ದರು. ನಾನು ಅದರ ಒಂದು ಮೂಲೆ ಎತ್ತಿ ಮೊಳೆಗೆ ಸಿಕ್ಕಿಸಿದೆ. ಬೆಳಕು ಬಂತು. ಫೋಕಸ್ ಹಿಡಿದೆ, ಹುಳು ಸರಿಯಿತು, ಮತ್ತೆ ಹಿಡಿದೆ. ಸೊಸೆ ಸೊಪ್ಪಿನ ಮನೆಯಲ್ಲಿದ್ದಳು. ದೊಡ್ಡವ್ವ ಮೂಲೆಯಲ್ಲಿ ಕೂತಿದ್ದರು, ಅವರಿಗೆ ಕಾಣುತ್ತಿರಲಿಲ್ಲ. ಒಂದು ಗಂಟೆ ಕಳೆದಿರಬೇಕು. ಕೊನೆಗೆ ಒಪ್ಪಿದ್ದ ಚಂದ್ರಿಕೆಗೆ ನಾಲ್ಕು ಸಲ ಫ್ಲಾಶ್ ಹೊಡೆದು, ಪರದೆ ಇಳಿಸಿ ಹೊರಬಂದೆ. ಫಿಲ್ಮ್ ತೊಳೆದಾಗ ನಾಲ್ಕರಲ್ಲೂ ಹುಳು ಬೇಯಿಸಿದ ಅನ್ನದ ಹಾಗೆ ಬೆಳ್ಳಗೆ ಊದಿತ್ತು. ಎದುರಿನಿಂದ ಹೊಡೆದ ಬೆಳಕಿಗೆ ದಾರ ಎಂಬುದು ಇರಲೇ ಇಲ್ಲ.

ವಾರದ ಮೇಲೆ ಮತ್ತೆ ಉಮ್ಮತ್ತೂರಿಗೆ ಹೋದಾಗ ಗೂಡು ಬಿಡಿಸಿ ಜಗಲಿಯಲ್ಲಿ ರಾಶಿ ಹಾಕಿದ್ದರು. ದೊಡ್ಡವ್ವ ರಾಶಿಯೊಳಗೆ ಕೈ ಆಡಿಸುತ್ತ, ಬೆರಳಿಗೆ ದಪ್ಪಗೆ ದುಂಡಗೆ ಸಿಕ್ಕಿದ್ದನ್ನೆಲ್ಲ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಜೋಡಿಗೂಡು. ಎರಡು ಹುಳು ಒಂದೇ ಗೂಡಿನಲ್ಲಿ ಸೇರಿದರೆ ದಾರ ಗೋಜಲಾಗುತ್ತದೆ, ನೂಲು ತೆಗೆಯಲು ಬಾರದು. ಮಡಿಲು ತುಂಬಿತ್ತು. ಬೀದಿಯಲ್ಲಿ ಹೋಗುವವರು ನನ್ನನ್ನು ನೋಡಿ ಮಿಂಚಿನ ಅಮ್ಮಿ ಬಂದಳು ಎಂದರು.

ನಾನು ಚೀಲದಲ್ಲಿ ಸಾಕ್ಷಿ ತಂದಿದ್ದೆ. ಆ ಮನೆಯಲ್ಲಿ ಪ್ರತಿ ಚಂದ್ರಿಕೆಯ ಅಂಚಿಗೂ ಸುಣ್ಣದ ಚುಕ್ಕಿ ಇಟ್ಟಿರುತ್ತಾರೆ, ಒಂದು, ಎರಡು, ಮೂರು. ನನ್ನ ಚಿತ್ರಗಳಲ್ಲಿ ಚುಕ್ಕಿಗಳು ಸ್ಪಷ್ಟವಾಗಿ ಬಿದ್ದಿದ್ದವು. ಫ್ಲಾಶ್ ಹೊಡೆದದ್ದು ಮೂರು ಚುಕ್ಕಿಯದಕ್ಕೆ. ಜೋಡಿಗೂಡು ಯಾವುದರಲ್ಲಿ ಹೆಚ್ಚು ಎಂದು ಸೊಸೆಯನ್ನು ಕೇಳಿದೆ. ಅವಳು ಯೋಚಿಸಲೂ ಇಲ್ಲ: ಕಿಟಕಿ ಪಕ್ಕದವು, ಒಂದು ಚುಕ್ಕಿದು, ಎರಡು ಚುಕ್ಕಿದು. ಮೂರು ಚುಕ್ಕಿದು ಚೆನ್ನಾಗೇ ಬಂದಿದೆ.

ನೋಡಿ, ಎಂದು ಹೇಳಲು ಬಾಯಿ ತೆರೆದೆ. ಅರ್ಧಕ್ಕೇ ನಿಂತೆ. ಕಿಟಕಿ ಪಕ್ಕದವು. ಪರದೆ ಎತ್ತಿದವರು ಯಾರು? ಒಂದು ಕಡೆಯಿಂದ ಬೆಳಕು ಬಂದರೆ ಹುಳುಗಳೆಲ್ಲ ಇನ್ನೊಂದು ಕಡೆಗೆ ಸರಿದು ಒತ್ತೊತ್ತಾಗಿ ಗೂಡು ಹೂಡುತ್ತವೆ, ಆಗ ಜೋಡಿಯಾಗದೆ ಇನ್ನೇನಾದೀತು? ತರಬೇತಿ ಕೇಂದ್ರದವರು ಕೊಟ್ಟ ಪಟ್ಟಿಯಲ್ಲೇ ಬರೆದಿತ್ತು, ಓದಿದ್ದೆ ಕೂಡ. ಫ್ಲಾಶ್ ನಿರಪರಾಧಿ ಎಂದು ಸಾಧಿಸಲು ತಂದ ಸಾಕ್ಷಿ ನನ್ನ ಕಡೆಗೇ ತಿರುಗಿ ನಿಂತಿತ್ತು. ವೇದಿಕೆಯಲ್ಲಾಗಿದ್ದರೆ ಆ ಕಾಗದವನ್ನು ಮಡಚಿ ಜೇಬಿಗಿಟ್ಟು ಬೇರೆ ಅಂಶಕ್ಕೆ ಹೋಗುತ್ತಿದ್ದೆ. ಇಲ್ಲಿ ಒಪ್ಪಿಕೊಂಡೆ. ಫೋಕಸ್‌ಗಾಗಿ ಒಂದು ಗಂಟೆ ಪರದೆ ಎತ್ತಿದ್ದೆ, ತಪ್ಪು ಮಿಂಚಿನದಲ್ಲ, ಅದರದು ಎಂದೆ.

"ಮಿಂಚಾದ್ರೇನು ಪರದೆಯಾದ್ರೇನು," ಎಂದರು ದೊಡ್ಡವ್ವ, ಬೆರಳು ನಿಲ್ಲಿಸದೆ. "ಕೈ ನಿಂದೇ ತಾನೆ?"

ಸೊಸೆ ಈ ಸಲ ನಗಲಿಲ್ಲ. ದೊಡ್ಡವ್ವನೇ ಮುಂದುವರಿಸಿದರು. "ಮುಂದಿನ್ ಬೆಳೆಗೆ ಬಾ. ಪರದೆ ಮುಟ್ಟಂಗಿಲ್ಲ. ಅಷ್ಟೊತ್ಗೆ ಈ ಕಣ್ಣು ಎಷ್ಟುಳ್ದದೋ ನೋಡನ."

ಎರಡು ತಿಂಗಳಿಗೂ ಕಡಿಮೆ ಸಮಯವಿತ್ತು.

ಯಜಮಾನರಿಗೆ ಹೇಳಿದಾಗ ಅವರು ರೀಟಚ್ ಬ್ರಷ್ ಕೆಳಗಿಟ್ಟರು. ಅವರ ಪ್ರಕಾರ ಇದಕ್ಕೆ ಸುಲಭದ ದಾರಿಯಿತ್ತು. ಹುಳು ಒಂದನ್ನು ಸ್ಟುಡಿಯೊಗೆ ತಂದು, ಅದರ ಬಾಯ ಹತ್ತಿರ ಗಾಳದ ನೈಲಾನ್ ದಾರ ಕಟ್ಟಿ, ಎರಡು ದೀಪ ಹಚ್ಚಿ ತೆಗೆಯುವುದು. ಗೋಡೆಗೆ ತೂಗುಹಾಕುವ ಚಿತ್ರ, ಯಾರು ಕೇಳುತ್ತಾರೆ? ನಾನು ಆಗುವುದಿಲ್ಲ ಎಂದೆ. ಎದುರಾಳಿ ಆಡದ ಮಾತನ್ನು ಆಡಿದನೆಂದು ಉಲ್ಲೇಖಿಸಿದರೆ ಚರ್ಚೆಯಿಂದಲೇ ಹೊರಗೆ ಹಾಕುತ್ತಾರೆ, ಅದೂ ಇದೂ ಒಂದೇ ಎಂದೆ.

"ನೀನು ಡಿಬೇಟ್ ಮಾಡಕ್ ಬಂದೀಯೋ, ಫೋಟೊ ತೆಗೆಯಕ್ ಬಂದೀಯೋ?"

ಎರಡಕ್ಕೂ ಎಂದೆ. ನಿಜ ಹೇಳಬೇಕೆಂದರೆ ನೈಲಾನ್ ಆಸೆ ನನಗೂ ಒಂದು ದಿನ ಹುಟ್ಟಿತ್ತು. ತರಬೇತಿ ಕೇಂದ್ರಕ್ಕೆ ಗೊತ್ತಾಗುತ್ತಿರಲಿಲ್ಲ. ದೊಡ್ಡವ್ವನಿಗೆ ಗೊತ್ತಾಗುತ್ತಿತ್ತು. ಅಥವಾ ಗೊತ್ತಾಗುತ್ತಿರಲಿಲ್ಲ. ಆ ಎರಡನೆಯದೇ ಹೆಚ್ಚು ಕೆಟ್ಟದ್ದೆಂದು ತೋರಿತು. ಕಾಣುವ ಕೊನೆಯ ದಾರ ಗಾಳದ ದಾರವಾಗುವುದೇ? ಒಂದು ವಾರ ಹಿಡಿದು ವಾದಿಸಿದ ಮೇಲೆ ಯಜಮಾನರು ಹೊಸ ಲೆನ್ಸಿಗೆ ಒಪ್ಪಿದರು. ಒಂದೇ ಒಂದು. ಮದುವೆಗೂ ಉಪಯೋಗವಾಗಬೇಕು.

ಗುಂಡ್ಲುಪೇಟೆಗೆ ಬೆಳಗಿನ ಬಸ್ಸಿನಲ್ಲಿ ಹೋದೆ. ತೆರಕಣಾಂಬಿ ದಾಟಿದ ಮೇಲೆ ಮಂಜು ಎಷ್ಟಿತ್ತೆಂದರೆ ಎದುರು ಬರುವ ಲಾರಿಗಳಿಗೆ ದೀಪ ಮಾತ್ರ ಇತ್ತು, ಲಾರಿ ಇರಲಿಲ್ಲ. ಬೆಟ್ಟದ ಸಾಲು ಕಾಣೆಯಾಗಿತ್ತು. ಹೊಲದ ನಡುವೆ ನಿಂತ ಮನುಷ್ಯ ಸೊಂಟದವರೆಗೆ ಅಳಿಸಿಹೋಗಿದ್ದ. ನೋಡುವುದಕ್ಕೂ ಇರುವುದಕ್ಕೂ ನಡುವೆ ಇಷ್ಟು ಜಾಗ ಇದೆಯೆಂದು ಕಿಟಕಿಗೆ ತಲೆಯಾನಿಸಿ ಯೋಚಿಸುತ್ತಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಕೂದಲೆಲ್ಲ ಒದ್ದೆ.

ಹೆದ್ದಾರಿಯ ಪಕ್ಕ, ಮಹಡಿಯ ಮೇಲೆ, ವಯನಾಡಿನಿಂದ ಬಂದು ನೆಲೆಸಿದ ಒಬ್ಬರ ಸ್ಟುಡಿಯೊ ಇತ್ತು. ಗಲ್ಫಿನಲ್ಲಿದ್ದ ಅವರ ಭಾವಮೈದುನ ರಜೆಗೆ ಬಂದಾಗಲೆಲ್ಲ ಹಳೆಯ ಲೆನ್ಸುಗಳನ್ನು ತರುತ್ತಿದ್ದ. ಅವರು ಚೌಕುಳಿ ಲುಂಗಿಯ ತುಂಡೊಂದನ್ನು ಮೇಜಿನ ಮೇಲೆ ಬಿಚ್ಚಿದರು. ಮೂರು ಲೆನ್ಸ್. ಮೂರೂ ಐವತ್ತು ಮಿಲಿಮೀಟರಿನವೇ. ಬಾಯಿ ಮಾತ್ರ ಬೇರೆ: ಒಂದು ಪಾಯಿಂಟ್ ಎಂಟು, ಒಂದು ಪಾಯಿಂಟ್ ನಾಲ್ಕು, ಒಂದು ಪಾಯಿಂಟ್ ಎರಡು.

ಕೊನೆಯದು ಎಷ್ಟು ಚೆಂದವಿತ್ತೆಂದರೆ, ಮುಂದಿನ ಗಾಜು ಅಂಗೈಯಷ್ಟಗಲ, ಅದರಲ್ಲಿ ನೇರಳೆ ಬಣ್ಣದ ಕೊಳವೊಂದು ನಿಂತ ಹಾಗೆ. ಕಿಟಕಿಯ ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿದೆ. ಒಳಗಿನ ಗಾಜುಗಳ ನಡುವೆ ಸಣ್ಣ ಸಣ್ಣ ಎಳೆಗಳು ಹಬ್ಬಿದ್ದವು. ಫಂಗಸ್. ಮಲೆನಾಡಿನ ತೇವದಲ್ಲಿ ಇಟ್ಟ ಲೆನ್ಸಿಗೆ ಬರುವ ಕಾಯಿಲೆ. ಯಾವುದೋ ಹುಳು ಅದರೊಳಗೂ ಗೂಡು ಹೂಡಲು ಶುರುಮಾಡಿ ಬಿಟ್ಟುಹೋಗಿತ್ತು.

"ಅದು ರಾಜಾವು, ಮೋಳೆ," ಎಂದರು ಅವರು ಸಂಕೋಚದಿಂದ. ಮೋಳೆ ಎಂದರೆ ಅವರ ಮಲಯಾಳದಲ್ಲಿ ಮಗಳೇ. "ಏನು ಮಾಡುವುದು, ರಾಜಾವಿಗೆ ಕಣ್ಣಲ್ಲಿ ಪೊರೆ."

ಉಳಿದದ್ದು ಎರಡು. ಒಂದು ಪಾಯಿಂಟ್ ಎಂಟು ತೆಗೆದುಕೊಳ್ಳುವುದು ಜಾಣತನ ಎಂದು ಅವರು ವಾದಿಸಿದರು. ಹಗುರ, ಗೀರಿಲ್ಲ, ಚಿತ್ರದಲ್ಲಿ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ಬೆಳಕಿನ ಲೆಕ್ಕದಲ್ಲಿ ಒಂದು ಪಾಯಿಂಟ್ ನಾಲ್ಕಕ್ಕೂ ಒಂದು ಪಾಯಿಂಟ್ ಎಂಟಕ್ಕೂ ಮುಕ್ಕಾಲು ಮೆಟ್ಟಿಲೂ ಇಲ್ಲ (ಒಂದು ಮೆಟ್ಟಿಲು ಇಳಿದರೆ ಬೆಳಕು ಅರ್ಧವಾಗುತ್ತದೆ). ಆ ವಾದದಲ್ಲಿ ನನಗೆ ತೂತು ಸಿಗಲಿಲ್ಲ. ಸಿಗದಿದ್ದಾಗ ಏನು ಮಾಡಬೇಕು? ಪರೀಕ್ಷೆ. ಅವರ ಡಾರ್ಕ್‌ರೂಮಿಗೆ ಹೋಗಿ, ಬಾಗಿಲನ್ನು ಒಂದು ಗೇಣು ತೆರೆದಿಟ್ಟು, ಆ ಬೆಳಕು ಹುಳುಮನೆಯ ಮಟ್ಟಕ್ಕೆ ಬರುವವರೆಗೆ ಸರಿಸಿದೆ. ನನ್ನ ತಲೆಯಿಂದ ಒಂದು ಕೂದಲು ಕಿತ್ತು ಎರಡು ಗುಂಡುಸೂಜಿಗಳ ನಡುವೆ ಬಿಗಿದೆ. ಉಂಗುರಗಳನ್ನು ಸೇರಿಸಿ ಒಂದೊಂದಾಗಿ ಲೆನ್ಸ್ ಹಾಕಿ ನೋಡಿದೆ.

ನಮ್ಮ ಹಳೆಯ ಜೂಮಿನಲ್ಲಿ ಗುಂಡುಸೂಜಿಯೂ ಇರಲಿಲ್ಲ. ಒಂದು ಪಾಯಿಂಟ್ ಎಂಟರಲ್ಲಿ ಕೂದಲು ಕಂಡಿತು, ಅದು ಎಲ್ಲಿದೆ ಎಂದು ನನಗೆ ಮೊದಲೇ ಗೊತ್ತಿದ್ದರಿಂದ. ಒಂದು ಪಾಯಿಂಟ್ ನಾಲ್ಕನ್ನು ಹಾಕಿ, ಅವರಿಗೆ ಕೂದಲನ್ನು ನನಗೆ ಕಾಣದಂತೆ ಬೇರೆ ಕಡೆ ಬಿಗಿಯಲು ಹೇಳಿ, ಮತ್ತೆ ಕಣ್ಣಿಟ್ಟೆ. ಸ್ವಲ್ಪ ಹುಡುಕಿದೆ. ಸಿಕ್ಕಿತು. ಕತ್ತಲಲ್ಲಿ ಒಂದು ಗೆರೆ ಮೆಲ್ಲಗೆ ಹುಟ್ಟಿದ ಹಾಗೆ.

ಅಲ್ಲಿ ನಿಂತೇ ನನಗೆ ಹೊಳೆದದ್ದು. ಇಂಥ ದೊಡ್ಡ ಬಾಯಿಯದಕ್ಕೆ ಫಾಸ್ಟ್ ಲೆನ್ಸ್ ಎಂದು ಹೆಸರು, ಫಾಸ್ಟ್ ಎಂದರೆ ಬೇಗ ಚಿತ್ರ ತೆಗೆಯುವುದು ಎಂದೇ ಎಲ್ಲರೂ ಹೇಳುತ್ತಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ನನಗೆ ಬೇಕಾದದ್ದು ಚಿತ್ರಕ್ಕಿಂತ ಮುಂಚಿನ ಕ್ಷಣ. ಪರದೆ ಎತ್ತದೆ ನೋಡಲು ಬೇಕಾದ ಬೆಳಕು. ಬಟನ್ ಒತ್ತುವಾಗ ಬಾಯನ್ನು ಎಷ್ಟು ಬೇಕಾದರೂ ಕಿರಿದು ಮಾಡಿಕೊಳ್ಳಬಹುದು. ಫೋಕಸ್ ಹಿಡಿಯುವವರೆಗೆ ಅದು ಪೂರ್ತಿ ತೆರೆದೇ ಇರುತ್ತದೆ. ಒಂದು ಪಾಯಿಂಟ್ ನಾಲ್ಕರ ಮುಂದಿನ ಗಾಜಿನ ಅಂಚಿನಲ್ಲಿ ಒಂದು ಗೀರಿತ್ತು. ಇರಲಿ ಎಂದು ಅದನ್ನೇ ತೆಗೆದುಕೊಂಡೆ.

"ಮದುವೆ ಫೋಟೊಗೆ ಇದು ಬೇಡ ಮೋಳೆ, ಮೂಗು ಮಾತ್ರ ಕಾಣ್ತದೆ, ಕಿವಿ ಮಂಜು," ಎಂದರು ಲೆನ್ಸನ್ನು ಸುತ್ತಿಕೊಡುತ್ತ. ಅದನ್ನು ನಮ್ಮ ಯಜಮಾನರಿಗೆ ಹೇಳಲಿಲ್ಲ.

ಮುಂದಿನ ಬೆಳೆಯಲ್ಲಿ ಹುಳು ನಾಲ್ಕನೆಯ ಜ್ವರ (ಪೊರೆ ಕಳಚುವ ನಿದ್ದೆಗೆ ಸಾಕುವವರು ಇಟ್ಟ ಹೆಸರು) ಎದ್ದು, ತಿಂದು, ಹಣ್ಣಾಗುವ ಹೊತ್ತಿಗೆ ಸೊಸೆ ಬಸ್ಸಿನವರ ಕೈಯಲ್ಲಿ ಹೇಳಿಕಳಿಸಿದಳು. ಹೋದಾಗ ದೊಡ್ಡವ್ವ ಜಗಲಿಯಲ್ಲಿ ಬಿಸಿಲಿಗೆ ಮುಖ ಕೊಟ್ಟು ಕೂತಿದ್ದರು. ನನ್ನನ್ನು ಹೆಜ್ಜೆಯ ಸದ್ದಿನಿಂದ ಗುರುತಿಸಿದರು. ಕೊಳವೆ ಈಗ ಎಷ್ಟಗಲ ಉಳಿದಿದೆ ಎಂದು ಕೇಳಿದ್ದಕ್ಕೆ ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಸಣ್ಣ ಉಂಗುರ ಮಾಡಿ ತೋರಿಸಿದರು.

ಒಳಗೆ ಮಾತಿಲ್ಲ. ಮೊದಲ ದಿನ ನಾನು ಚಂದ್ರಿಕೆಯ ಮುಂದೆ ಮಂಡಿಯೂರಿ ಕೂತೆ. ಪರದೆ ಇಳಿದೇ ಇತ್ತು. ಲೆನ್ಸಿಗೆ ಕಣ್ಣಿಟ್ಟ ಮೇಲೆ ಕೋಣೆ ಕರಗಿಹೋಗಿ, ಎಲ್ಲಿಂದಲೋ ಒಂದು ಹುಳುವಿನ ಮುಖ ಏಳುತ್ತಿತ್ತು, ಚಂದ್ರ ಮೋಡದಿಂದ ಬಂದ ಹಾಗೆ, ಆಡುತ್ತ, ಮತ್ತೆ ಕರಗುತ್ತ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ವಾದಿಸಲು ಯಾರೂ ಇಲ್ಲದ ಜಾಗದಲ್ಲಿ ನನ್ನ ತಲೆಯೊಳಗಿನ ಮಾತುಗಳೂ ಒಂದೊಂದಾಗಿ ಕೂತುಕೊಂಡವು. ಹುಳುವಿಗೆ ಕಿವಿಯಿಲ್ಲ ಎಂಬುದು ಈಗಲೂ ನಿಜ. ಮಾತಾಡಬಾರದೆಂಬ ಕಟ್ಟುಪಾಡು ಹುಳುವಿಗಾಗಿ ಮಾಡಿದ್ದು ಎಂದು ಯಾರೂ ಹೇಳಿರಲಿಲ್ಲ, ಅದನ್ನು ಅಂದುಕೊಂಡವಳು ನಾನೇ.

ಲೆನ್ಸನ್ನು ಪೂರ್ತಿ ತೆರೆದು, ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗಕ್ಕಿಟ್ಟು ಒಂದಿಡೀ ರೋಲ್ ತೆಗೆದೆ. ಸಂಜೆ ಸ್ಟುಡಿಯೊದಲ್ಲಿ ಫಿಲ್ಮನ್ನು ಹೆಚ್ಚು ಹೊತ್ತು ತೊಳೆದು, ಅದು ಬೆಳಕು ಹಿಡಿಯುವ ಶಕ್ತಿಯನ್ನು ನಾಲ್ಕು ಪಟ್ಟು ಎಳೆದೆ. ಹುಳುವಿನ ಹಣೆಯ ಮೇಲಿನ ಸುಕ್ಕೂ ಎಣಿಸುವಷ್ಟು ಸ್ಪಷ್ಟ. ಯಜಮಾನರು ಕನ್ನಡಕ ಏರಿಸಿ ಭಲೇ ಎಂದರು. ದಾರ ಎಲ್ಲಿ ಎಂದು ನಾನು ಕೇಳಿದೆ. ಅಷ್ಟು ಹತ್ತಿರದಲ್ಲಿ, ಅಷ್ಟು ತೆರೆದ ಬಾಯಿಗೆ ಸ್ಪಷ್ಟವಾಗಿ ಸಿಕ್ಕುವ ಆಳ ಒಂದು ಉಗುರಿನ ದಪ್ಪ. ಅದರಾಚೆ ಎಲ್ಲ ಮಂಜು. ದಾರ ಆ ಮಂಜಿನಲ್ಲಿತ್ತು. ಗುಂಡ್ಲುಪೇಟೆಯವರು ಹೇಳಿದ ಮಂಜಾದ ಕಿವಿ ಇದೇ.

ಹುಳು ದಾರ ಕಾಣುವಂತೆ ಎಳೆಯುವುದು ಮೊದಲ ಕೆಲವು ಗಂಟೆ ಮಾತ್ರ. ಆಮೇಲೆ ತನ್ನದೇ ಪರದೆಯ ಹಿಂದೆ ಹೋಗಿಬಿಡುತ್ತದೆ. ಮರುದಿನ ಬೆಳಿಗ್ಗೆ ಹೋದಾಗ ಹಿಂದುಳಿದ ಹುಳುಗಳದ್ದು ಒಂದೇ ಚಂದ್ರಿಕೆ ಬಾಕಿಯಿತ್ತು. ಐದು ಚುಕ್ಕಿಯದು.

ನಿರ್ಧಾರ ಅಲ್ಲಿ ಆಗಬೇಕಿತ್ತು. ಬಾಯನ್ನು ನಾಲ್ಕಕ್ಕೆ ಕಿರಿದು ಮಾಡಿದರೆ ಆಳ ಅಕ್ಕಿಕಾಳಿನ ದಪ್ಪಕ್ಕೆ ಬರುತ್ತದೆ, ದಾರ ಅದರಲ್ಲಿ ಸೇರೀತು. ಆದರೆ ಬೆಳಕು ಮೂರು ಮೆಟ್ಟಿಲು ಕಡಿಮೆ, ಕಾಲು ಸೆಕೆಂಡು ತೆರೆದಿಡಬೇಕು. ಕಾಲು ಸೆಕೆಂಡಿನಲ್ಲಿ ಹುಳು ತಲೆ ಆಡಿಸುತ್ತದೆ, ಮುಖ ಅಳಿಸಿಹೋಗುತ್ತದೆ. ಅಲುಗಿದ ಫೋಟೊ ಗಿರಾಕಿಗೆ ಕೊಡಬಾರದು ಎಂಬುದು ನಮ್ಮ ಸ್ಟುಡಿಯೊದ ಮೊದಲ ಪಾಠ, ಯಜಮಾನರು ಅಂಥವನ್ನು ಹರಿದುಹಾಕುತ್ತಿದ್ದರು. ಇಷ್ಟು ಗಲಾಟೆ ಮಾಡಿ ತಂದ ಲೆನ್ಸನ್ನು ಹಳೆಯ ಜೂಮಿನಷ್ಟಕ್ಕೇ ಕಿರಿದು ಮಾಡುವುದೇ? ಮುಖ ಬೇಕೋ, ದಾರ ಬೇಕೋ? ಕೇಳಿದವರು ಏನು ಕೇಳಿದ್ದರು?

ಲೆನ್ಸಿನ ಮೇಲಿನ ಅಂಕಿಯ ಉಂಗುರವನ್ನು ನಾಲ್ಕಕ್ಕೆ ತಿರುಗಿಸಿದೆ. ಒಂದು, ಎರಡು, ಮೂರು ಸಣ್ಣ ಕಟಕಟ ಸದ್ದು. ಆ ಕೋಣೆಯಲ್ಲಿ ಅದೇ ದೊಡ್ಡದಾಗಿ ಕೇಳಿಸಿತು. ಮೂಲೆಯಲ್ಲಿದ್ದ ದೊಡ್ಡವ್ವ ತಲೆ ಎತ್ತಿದರು. ಎದ್ದು, ಗೋಡೆ ಹಿಡಿದುಕೊಂಡು ಬಂದು, ನನ್ನ ತೋಳು ಹುಡುಕಿ ಹಿಡಿದರು. ಮಾತಿಲ್ಲ. ಎಳೆದರು. ನಾನು ಟ್ರೈಪಾಡ್ ಎತ್ತಿಕೊಂಡು ಹಿಂದೆ ಹೋದೆ. ಅವರು ಆ ಚಂದ್ರಿಕೆಯ ಅಂಚು ತಡವಿ, ಅದನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಸರಿಸಿ, ನನ್ನನ್ನು ಅದಕ್ಕೂ ಗೋಡೆಗೂ ನಡುವಿನ ಸಂದಿಗೆ ನೂಕಿದರು. ಆಮೇಲೆ ನನ್ನ ಗದ್ದ ಹಿಡಿದು ಮೇಲಕ್ಕೆ ತಿರುಗಿಸಿದರು. ಎದುರು ಗೋಡೆಯ ಸೂರಿನ ಕೆಳಗೆ, ಹೆಂಚಿಗೂ ಗೋಡೆಗೂ ನಡುವೆ, ಒಂದು ಬೆರಳಿನಷ್ಟು ಸಂದು. ಅಲ್ಲಿಂದ ಬೂದು ಬೆಳಕು, ಬೆಳಕೆಂದು ಹೇಳಲು ಧೈರ್ಯ ಬಾರದಷ್ಟು, ಚಂದ್ರಿಕೆಯ ಅಂಚಿನ ಮೇಲಿಂದ ನನ್ನ ಕಡೆಗೆ ಜಾರುತ್ತಿತ್ತು.

ಕಣ್ಣಿಟ್ಟೆ. ಅಂಚಿನ ಕೊನೆಯ ಸುರುಳಿಯಲ್ಲಿ ಒಂದು ಹುಳು. ಬಿದಿರಿನ ದಬ್ಬೆಯಿಂದ ಅದರ ಬಾಯಿಗೆ ಒಂದು ಗೆರೆ. ಹೊಳೆಯಿತು, ಹೋಯಿತು, ಹೊಳೆಯಿತು.

ನಾಲ್ಕು ಸಲ ಒತ್ತಿದೆ. ದೊಡ್ಡವ್ವನ ಕೈ ನನ್ನ ಹೆಗಲ ಮೇಲೇ ಇತ್ತು. ಯಾವ ಸಂದಿನಿಂದ, ಯಾವ ಕಡೆ ನಿಂತು ನೋಡಿದರೆ ದಾರ ಕಾಣುತ್ತದೆ ಎಂಬುದು ಇಷ್ಟು ದಿನವೂ ಅವರಿಗೆ ಗೊತ್ತಿತ್ತು. ನಾನು ಕೇಳಿರಲಿಲ್ಲ, ಬರೀ ಹೇಳುತ್ತಿದ್ದೆ.

ನಾಲ್ಕರಲ್ಲಿ ಮೂರು ಪೂರ್ತಿ ಮಸುಕು. ಒಂದರಲ್ಲಿ ದಾರ ಬಂದಿತ್ತು. ದಬ್ಬೆಯಿಂದ ಹೊರಟು, ಕಪ್ಪಿನಲ್ಲಿ ಓರೆಯಾಗಿ ಇಳಿದು, ಹುಳುವಿನ ಮುಖವಿರಬೇಕಾದಲ್ಲಿ ಒಂದು ಬೆಳ್ಳನೆಯ ಹೊಗೆಯೊಳಗೆ ಸೇರುವ ತೆಳ್ಳನೆಯ ಗೆರೆ. ಯಜಮಾನರು ಅದನ್ನು ಹರಿದುಹಾಕಲು ಎತ್ತಿಕೊಂಡರು. ಸ್ವಲ್ಪ ಹೊತ್ತು ಹಿಡಿದೇ ನಿಂತರು. ಆಮೇಲೆ, ತಮ್ಮ ಪಾಠವನ್ನು ತಾವೇ ಮರೆತವರಂತೆ, ದೊಡ್ಡ ಪ್ರಿಂಟ್ ಹಾಕುವ ಕಾಗದದ ಪೆಟ್ಟಿಗೆ ತೆರೆದುಕೊಟ್ಟರು.

ಎರಡು ಪ್ರಿಂಟ್ ಒಯ್ದೆ. ಒಂದು ಮೊದಲ ದಿನದ್ದು, ಮುಖ ಸ್ಪಷ್ಟ, ದಾರವಿಲ್ಲ. ಇನ್ನೊಂದು ಇದು. ಎರಡನ್ನು ಏಕೆ ಒಯ್ದೆ ಎಂದು ಕೇಳಿದರೆ ಪರೀಕ್ಷೆಗೆ ಎಂದೇ ಹೇಳಬೇಕು, ಅಭ್ಯಾಸ ಬಿಡುವುದಿಲ್ಲ. ನಡು ಮಧ್ಯಾಹ್ನ, ಜಗಲಿಯ ಮೆಟ್ಟಿಲು, ಕಲ್ಲು ಕಾದಿತ್ತು. ಯಾವುದರಲ್ಲಿ ಏನಿದೆ ಎಂದು ಹೇಳದೆ ಎರಡನ್ನೂ ಅವರ ಕೈಗಿಟ್ಟೆ.

ದೊಡ್ಡವ್ವ ಒಂದನ್ನು ಎತ್ತಿ, ಮೂಗಿನ ಹತ್ತಿರ ತಂದು, ಬಿಸಿಲು ಪೂರ್ತಿ ಬೀಳುವಂತೆ ಓರೆ ಮಾಡಿ, ಮೂಲೆಯಿಂದ ಮೂಲೆಗೆ ಮುಖವನ್ನೇ ನಿಧಾನವಾಗಿ ಸರಿಸಿದರು. ಅದನ್ನು ಕೆಳಗಿಟ್ಟರು. ಇನ್ನೊಂದನ್ನು ಎತ್ತಿದರು. ಅದರಲ್ಲಿ ಬಹಳ ಹೊತ್ತು ನಿಂತರು. ಸೊಸೆ ಮೊರ ಹಿಡಿದವಳು ಹಾಗೇ ನಿಂತಿದ್ದಳು.

"ತಲೆ ಆಡುಸ್ತಾ ಅದೆ," ಎಂದರು ಕೊನೆಗೆ. "ಓ, ಇಲ್ಲಿ ಅದೆ ನೋಡು, ದಾರ."

ಹೆಬ್ಬೆರಳು ಚಿತ್ರದ ಮೇಲೆ ಓರೆಯಾಗಿ ಇಳಿಯಿತು. ಮೇಲಿನ ದಬ್ಬೆಯಿಂದ ಹೊರಟು ಕೆಳಗಿನ ಹೊಗೆಯವರೆಗೆ, ತಡವರಿಸದೆ. ದಾರ ಇಳಿದ ಹಾಗೆಯೇ. ಆದರೆ ದಾರದ ಮೇಲಲ್ಲ. ಅದಕ್ಕಿಂತ ಒಂದು ಬೆರಳು ಆಚೆಗೆ, ಅದಕ್ಕೆ ಸರಿಸಮನಾಗಿ, ಬರೀ ಕಪ್ಪಿನ ಮೇಲೆ.

ಎತ್ತಿದ್ದು ಸರಿಯಾದ ಚಿತ್ರವೇ. ಎರಡರಲ್ಲಿ ಒಂದು, ಕಣ್ಣು ಮುಚ್ಚಿ ಎತ್ತಿದರೂ ಅರ್ಧ ಅವಕಾಶ ಇದ್ದೇ ಇದೆ. ತಲೆ ಆಡಿಸುತ್ತದೆ ಎಂದದ್ದು ಆ ಹೊಗೆಯನ್ನು ಕಂಡೇ? ಹುಳು ತಲೆ ಆಡಿಸುತ್ತದೆ ಎಂಬುದು ಅವರಿಗೆ ಚಿತ್ರ ನೋಡಿಯೇ ತಿಳಿಯಬೇಕೇ? ಕಣ್ಣು ಒಂದು ಬೆರಳು ತಪ್ಪಿರಬಹುದು. ಬೆರಳು ಕಣ್ಣನ್ನು ತಪ್ಪಿರಬಹುದು. ಪರವಾಗಿ ಐದು ನಿಮಿಷ, ವಿರೋಧವಾಗಿ ಐದು ನಿಮಿಷ ನಾನು ಮಾತಾಡಬಲ್ಲೆ. ದೊಡ್ಡವ್ವ ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು ಬಿಸಿಲಿಗೆ ಮುಖ ಎತ್ತಿದ್ದರು, ಮುಖದ ಮೇಲೆ ಏನೋ ಮುಗಿದ ನಿರಾಳ. ಕೇಳಬಾರದು ಎಂದು ಗೊತ್ತಿತ್ತು. ಬಾಯಿ ಕೇಳಿಬಿಟ್ಟಿತು.

"ದೊಡ್ಡವ್ವ, ನೀವು ಈಗ ಕಂಡ ದಾರ, ಈ ಪಟದೊಳಗೆ ಇರೋದಾ, ನಿಮ್ಮ ಕಣ್ಣೊಳಗೆ ಮೊದಲಿಂದ ಇದ್ದದ್ದಾ?"